ಸೈರನ್ ಕೂಗಿದಾಗ ನಾನು ಬರೆದದ್ದು

ವಾಡಿಯ ನಮ್ಮ ಮನೆಗೆ ಮಧ್ಯಾಹ್ನ ರಾವೂರ ಕಡೆಯ ಗಣಿಯ ಸೈರನ್ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಕಲ್ಲು ಸಿಡಿಸುತ್ತಾರೆ, ಕಾಲ ಕೆಳಗಿನ ಪರ್ಸಿಕಲ್ಲಿನ ನೆಲ ಒಮ್ಮೆ ಅದುರುತ್ತದೆ. ಯಾರೂ ಏಳುವುದಿಲ್ಲ. ನನ್ನ ಹೆಂಡತಿ ಮಾತು ನಿಲ್ಲಿಸದೆಯೇ ನೀರಿನ ಗಿಲಾಸಿನ ಮೇಲೆ ಕೈ ಇಡುತ್ತಾಳೆ, ಮೇಲಿಂದ ಮಣ್ಣು ಉದುರದಿರಲೆಂದು.

ಸೇಡಂನ ಕಾಲೇಜಿನಲ್ಲಿ ವಿಜ್ಞಾನ ಕಲಿಸಲು ರೈಲಿನಲ್ಲಿ ಹೋಗಿಬರುವ ನನಗೆ ಮೊಬೈಲಿನಲ್ಲಿ ಹಲವು ದೇಶಗಳವರು ಹರಟುವ ಒಂದು ಗುಂಪು ಅಂಟಿಕೊಂಡಿತ್ತು. ಸಿನಿಮಾ, ಧೂಮಕೇತು, ಯಾವ ದೇಶದಲ್ಲಿ ಯಾರು ಗದ್ದುಗೆ ಇಳಿದರು ಎಂಬುದು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಯಾರ ಮುಖವನ್ನೂ ಯಾರೂ ಕಂಡವರಲ್ಲ. ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳುವವನು ನಾನು.

ಅವರಲ್ಲಿ ಒಬ್ಬ, ಯುದ್ಧ ನಡೆಯುತ್ತಿದ್ದ ದೇಶದ ಮೆಕ್ಯಾನಿಕ್, ಹಳೆಯ ಸಿನಿಮಾಗಳ ಕಥೆಯನ್ನು ನನಗೆ ಬಿಡಿಬಿಡಿಯಾಗಿ ಬರೆದು ಕಳಿಸುತ್ತಿದ್ದ. ಒಂದು ಭಾನುವಾರ ಊಟಕ್ಕೆ ಕೂತಿದ್ದೆ. ಕಥೆಯಲ್ಲಿ ಕಡಲ ನಡುವಿನ ದೀಪಸ್ತಂಭ ಕಾಯುವ ಮುದುಕನನ್ನು ಕರೆದೊಯ್ಯಲು ದೋಣಿ ಬಂದಿತ್ತು. ಅಷ್ಟರಲ್ಲಿ ಅವನು ‘ಸೈರನ್ ಕೂಗುತ್ತಿದೆ’ ಎಂದು ಬರೆದ. ನಾನು, ‘ಇಲ್ಲಿಯೂ ದಿನಾ ಕೂಗುತ್ತದೆ, ಕಥೆ ಮುಗಿಸು’ ಎಂದು ಬರೆದೆ.

ಬರೆದೆನೇ? ಅದೇ ಗೊತ್ತಿಲ್ಲ. ‘ಮೊದಲು ಎದ್ದು ಹೋಗು’ ಎಂದು ಬರೆದ ಹಾಗೂ ನೆನಪು. ಎರಡು ನೆನಪಿನಲ್ಲೂ ಎಡಗೈಯಲ್ಲಿ ಮೊಬೈಲ್ ಇದೆ, ಬಲಗೈಗೆ ಪುಂಡಿಪಲ್ಲೆ ಮೆತ್ತಿದೆ. ಆಮೇಲೆ ಅವನ ಕಡೆಯಿಂದ ಏನೂ ಬರಲಿಲ್ಲ. ಮಾತುಗಳು ವಾರಕ್ಕೊಮ್ಮೆ ತಾವೇ ಅಳಿಸಿಹೋಗುವಂತೆ ನಾನೇ ಇಟ್ಟಿದ್ದರಿಂದ, ತೆಗೆದು ನೋಡೋಣವೆಂದರೆ ಅದೂ ಹೋಗಿತ್ತು.

ರೈಲಿನಲ್ಲಿ ಆ ದೇಶದ ಸುದ್ದಿ ಓದತೊಡಗಿದೆ. ಕುಸಿದ ಕಟ್ಟಡಗಳ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಅವನ ಮನೆ ಹೇಗಿದೆಯೆಂದೇ ನನಗೆ ತಿಳಿದಿರಲಿಲ್ಲ. ನನ್ನ ಮಾತಿಗಾಗಿ ಅವನು ಎರಡು ನಿಮಿಷ ಕೂತಿದ್ದರೆ?

ತಟ್ಟೆಯಲ್ಲಿ ರೊಟ್ಟಿ ಉಳಿಯತೊಡಗಿದಾಗ ಹೆಂಡತಿ ಕೇಳಿದಳು, “ಏನಾಗೇದ್ರಿ ನಿಮಗ?”

ಹೇಳಿದೆ.

“ಎದ್ದು ಹೋಗು ಅಂತನೇ ಬರದೀರಿ. ನನಗ ಓದಿ ಹೇಳೀರಲ್ಲ.”

“ಖರೇನಾ? ಆಗ ನೀ ಎಲ್ಲಿದ್ದಿ?”

“ನಿಮ್ಮ ಮುಂದನೇ ಕುಂತಿದ್ದೆ, ಮೊಬೈಲ್ ಬಿಟ್ಟು ನೋಡಿದ್ರ ಕಾಣ್ತಿದ್ದೆ. ಇದಕ್ಕೂ ಆಧಾರ ಬೇಕೇನು? ಉಣ್ರಿ.”

ಅಂದು ಉಂಡೆ. ನಿದ್ದೆಯೂ ಬಂತು.

ಮೂರನೆಯ ವಾರ, ಚಿತ್ತಾಪುರದಲ್ಲಿ ರೈಲು ನಿಂತಿದ್ದಾಗ ಅವನ ಮಾತು ಬಂತು: ‘ಮುದುಕ ದೋಣಿ ಹತ್ತುವುದಿಲ್ಲ.’ ಅಷ್ಟೇ. ಅವತ್ತು ನಾನು ಬರೆದದ್ದು ಏನು ಎಂದು ಕೇಳಿದೆ. ರೈಲು ಹೊರಟ ಮೇಲೆ ಉತ್ತರ ಬಂತು: ‘ಕಥೆ ಮುಗಿಸು ಅಂದಿದ್ದೆ ನೀನು. ಓದುವಾಗ ನಾನು ನೆಲಮಾಳಿಗೆಯ ಮೆಟ್ಟಿಲ ಮೇಲಿದ್ದೆ. ಆಮೇಲೆ ಊರಿಗೆ ಕರೆಂಟೇ ಇರಲಿಲ್ಲ.’

ಮನೆಗೆ ಬಂದು ಹೆಂಡತಿಗೆ ತೋರಿಸಿದೆ.

“ಅದಾನಲ್ಲ, ಸಾಕು ಬಿಡ್ರಿ.”

“ಎದ್ದು ಹೋಗು ಅಂತ ಬರದೀನಿ ಅಂದಿದ್ದಿ ನೀ.”

“ಅಂದಿದ್ದೆ. ಹೊಟ್ಟಿಗೆ ಕೂಳಿಲ್ದ ಕುಂತಿದ್ರಿ, ಮತ್ತೇನ್ ಅನ್ಬೇಕಿತ್ತು?”

ಅಷ್ಟು ಹೇಳಿ ಚಹಾಕ್ಕೆ ಇಡಲು ಒಳಗೆ ಹೋದಳು. ನಾನು ಚಪ್ಪಲಿಯನ್ನೂ ಬಿಚ್ಚದೆ ನಿಂತೆ. ಅವನು ಬದುಕಿದ್ದಾನೆಂಬ ಸಮಾಧಾನ ಎದೆಯಲ್ಲಿ ಇದ್ದೂ ಇರದಂತಿತ್ತು.

ಅಪ್ಪ ತೀರಿಕೊಂಡ ದಿನದ್ದು ನನಗೆ ಸರಿಯಾಗಿ ನೆನಪಿಲ್ಲ. ಆಸ್ಪತ್ರೆಯ ಹೊರಗೆ ಮೊಬೈಲ್ ಹಿಡಿದು ನಿಂತಿದ್ದೆನೋ, ಒಳಗೆ ಅವರ ಹತ್ತಿರವೇ ಇದ್ದೆನೋ. ಅವರ ಕೈ ಹಿಡಿದುಕೊಂಡೇ ಕೂತಿದ್ದಿರಿ ಎಂದು ಇಷ್ಟು ವರ್ಷ ನನಗೆ ಹೇಳುತ್ತ ಬಂದವಳು ಇವಳೇ.