ಪೂಜೆಗೆ ಕೂತ ಗಿಟಾರು

ನನ್ನ ಆಂಪ್ಲಿಫೈಯರ್‌ಗೆ ಖಾರದ ಪುಡಿಯ ವಾಸನೆ ಇದೆ. ತಪ್ಪು ಅದರದ್ದಲ್ಲ. ಗುಬ್ಬಿಯಲ್ಲಿ ಅಪ್ಪನ ಹಿಟ್ಟಿನ ಗಿರಣಿಯ ಹಿಂದಿನ ಕೋಣೆ ಬಿಟ್ಟರೆ ಅದನ್ನಿಡಲು ಬೇರೆ ಜಾಗವಿಲ್ಲ, ಆ ಕೋಣೆಯ ಪಕ್ಕದಲ್ಲೇ ಖಾರ ಕುಟ್ಟುವ ಮಿಷನ್ನು. ಆಂಪ್ಲಿಫೈಯರ್ ಎದುರು ಕೂತು ಸ್ವಲ್ಪ ಹೊತ್ತು ನುಡಿಸಿದರೆ ಯಾರಿಗಾದರೂ ಸೀನು ಬರುತ್ತದೆ. ನಮ್ಮ ಬ್ಯಾಂಡಿನ ಬೇಸ್ ಗಿಟಾರಿನವಳು ಈಗ ತಾಳಕ್ಕೆ ಸರಿಯಾಗಿ ಸೀನುವುದನ್ನು ಕಲಿತಿದ್ದಾಳೆ.

ನಾವು ಮೂವರು ನುಡಿಸುವುದಕ್ಕೆ ಪೋಸ್ಟ್ ಪಂಕ್ ಅಂತ ಹೆಸರು. ಹಾಗಂದರೆ ಏನು ಎಂದು ಕೇಳಿದವರಿಗೆ ನಾನು ಹೇಳುವುದಿಷ್ಟು: ಪಂಕ್‌ನವರು ಕಿರುಚಿ ಕಿರುಚಿ ಸುಸ್ತಾದರು, ಆಮೇಲೆ ಬಂದವರು ಗೊಣಗತೊಡಗಿದರು. ಗೊಣಗುವುದನ್ನು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಗಿಟಾರು ಸೆಕೆಂಡ್ ಹ್ಯಾಂಡು, ಬಿಳಿ ಬಣ್ಣದ್ದು. ಟ್ರೆಬಲ್ ಪೂರ್ತಿ ತಿರುಗಿಸಿಟ್ಟರೆ ತಗಡು ಗೀಚಿದ ಹಾಗೆ ಕೇಳುತ್ತದೆ, ನನಗೆ ಬೇಕಾದ್ದೂ ಅದೇ. ಕಾಲಲ್ಲಿ ಒತ್ತುವ ಪೆಡಲ್‌ಗಳು ಎರಡಿವೆ. ಒಂದು ದನಿಯನ್ನು ನೀರಿನೊಳಗೆ ಅದ್ದಿ ಅಲುಗಾಡಿಸುತ್ತದೆ. ಇನ್ನೊಂದು, ನುಡಿಸಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ, ಥೇಟ್ ನಮ್ಮವ್ವ. ಎರಡನ್ನೂ ಅವ್ವನ ಹಳೆಯ ಊಟದ ಮಣೆಗೆ ಸ್ಕ್ರೂ ಹಾಕಿ ಕೂರಿಸಿದ್ದೇನೆ. ಇದಕ್ಕೆಂದೇ ಅಂಗಡಿಯಲ್ಲಿ ಪೆಡಲ್‌ಬೋರ್ಡ್ ಅಂತ ಬೇರೆ ಸಿಗುತ್ತದೆ. ಮನೆಯಲ್ಲಿ ಮಣೆ ಇರುವಾಗ ಅದ್ಯಾಕೆ.

ಆಯುಧಪೂಜೆ ಬಂದರೆ ನಮ್ಮ ಗಿರಣಿಯಲ್ಲಿ ವಿಭೂತಿ ಕಾಣದ ವಸ್ತುವೇ ಇರುವುದಿಲ್ಲ. ಮೋಟರು, ತಕ್ಕಡಿ, ಜರಡಿ, ಅಪ್ಪನ ಸ್ಕೂಟರು, ಅವ್ವನ ಈಳಿಗೆಮಣೆ, ಕಡೆಗೆ ಇಲಿ ಬೋನಿಗೂ ಪೂಜೆ ಸಲ್ಲುತ್ತದೆ. ಗಿಟಾರಿಗೆ ಮಾತ್ರ ಇರಲಿಲ್ಲ.

"ಅದು ಆಟದ ಸಾಮಾನು ಕಣವ್ವ. ಆಯುಧ ಅಂದ್ರೆ ಅನ್ನ ಹಾಕೋದು" ಅನ್ನುತ್ತಿದ್ದರು ಅಪ್ಪ.

ಇಲಿ ಬೋನು ಯಾರಿಗೆ ಅನ್ನ ಹಾಕಿತ್ತು ಎಂದು ಕೇಳಿದೆ. "ಅನ್ನ ಉಳಿಸ್ತದಲ್ಲ" ಎಂದರು.

ಈಗ ನಗುತ್ತಾ ಹೇಳುತ್ತಿದ್ದೇನೆ, ಆಗ ಚುಚ್ಚುತ್ತಿತ್ತು. ಅದರಲ್ಲೂ ಹೋದ ವರ್ಷ ಶಾಲೆಯ ಕೆಲಸ ಬಿಟ್ಟ ಮೇಲೆ. ತುಮಕೂರಿನಲ್ಲಿ ಗಿಟಾರ್ ಪಾಠ ಹೇಳುತ್ತಿದ್ದೆ, ಭಕ್ತಿಗೀತೆ ರೆಕಾರ್ಡ್ ಮಾಡುವ ಅಲ್ಲಿನ ಒಂದು ಪುಟ್ಟ ಸ್ಟುಡಿಯೋದಲ್ಲಿ ನಮ್ಮ ಹಾಡುಗಳನ್ನೂ ರೆಕಾರ್ಡ್ ಮಾಡತೊಡಗಿದ್ದೆವು. ಇದು ನನ್ನ ಕೆಲಸ ಎಂದು ಅಪ್ಪ ಒಂದು ಸಲ ಒಪ್ಪಿಬಿಟ್ಟರೆ ನನಗೆ ಸಾಕಿತ್ತು. ಅವರೋ, ಸಂಜೆ ನಾನು ಬಸ್ಸಿಳಿದು ಬಂದರೆ "ಆಟ ಆಡ್ಕಂಡು ಬಂದ್ಯಾ?" ಅಂತಲೇ ಕೇಳುವರು.

ಆ ವರ್ಷದ ಆಯುಧಪೂಜೆಯ ಸಂಜೆ ನಮಗೆ ಕುಣಿಗಲ್ಲಿನಲ್ಲಿ ಕಾರ್ಯಕ್ರಮವಿತ್ತು. ನಮ್ಮ ಡ್ರಮ್ಸಿನವನ ಸೋದರಮಾವ ಅಲ್ಲಿ ಲಾರಿ ಗ್ಯಾರೇಜ್ ಇಟ್ಟಿದ್ದಾರೆ. ಗ್ಯಾರೇಜಿನ ಪೂಜೆಗೆ ಪ್ರತಿವರ್ಷ ಬರುತ್ತಿದ್ದ ಆರ್ಕೆಸ್ಟ್ರಾದವರು ಕೈಕೊಟ್ಟಿದ್ದರಿಂದ ನಮ್ಮನ್ನು ಕರೆದಿದ್ದರು. ಜನರೆದುರು ನಮ್ಮದೇ ಹಾಡು ನುಡಿಸಲು ಸಿಕ್ಕಿದ ಮೊದಲ ಅವಕಾಶ. ಸ್ಟುಡಿಯೋದಲ್ಲಿ ಮರೆತಿದ್ದ ಕೇಬಲ್ ತರಲು ಬೆಳಿಗ್ಗೆ ತುಮಕೂರಿಗೆ ಹೋಗಿ, ಮಧ್ಯಾಹ್ನ ವಾಪಸ್ಸು ಬಂದು ನೋಡುತ್ತೇನೆ, ಮೋಟರಿನ ಪಕ್ಕದಲ್ಲಿ ನನ್ನ ಗಿಟಾರು ಕೂತಿದೆ. ಮೈಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ತಂತಿ ಬಿಗಿಯುವ ತಿರುಪುಗಳಿಗೆ ಚೆಂಡುಹೂವು. ಪೆಡಲ್‌ಗಳಿಗೂ ಧಾರಾಳವಾಗಿ ವಿಭೂತಿ ಬಳಿದಿದ್ದರು. ಆಂಪ್ಲಿಫೈಯರ್ ನೆತ್ತಿಯ ಮೇಲೆ ಒಂದು ನಿಂಬೆಹಣ್ಣು.

"ನಿಮ್ಮಪ್ಪನೇ ಹೊತ್ಕಂಡು ಬಂದು ಇಟ್ರು" ಅಂದಳು ಅವ್ವ. "ನಾನು ಮುಟ್ಟಿಲ್ಲಪ್ಪ."

ಕುಣಿದಾಡಬೇಕಿತ್ತು. ಅಷ್ಟರಲ್ಲಿ ನೆನಪಾಯಿತು, ಪೂಜೆಗೆ ಕೂತ ಆಯುಧವನ್ನು ಮಾರನೆಯ ದಿನ ಪೂಜೆ ಇಳಿಸುವವರೆಗೂ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಇದು ಎಷ್ಟು ಕಟ್ಟುನಿಟ್ಟೆಂದರೆ, ಈಳಿಗೆಮಣೆ ಪೂಜೆಗೆ ಹೋಗುತ್ತದೆಂದು ಅವ್ವ ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟುಕೊಳ್ಳುತ್ತಾಳೆ.

"ಸಂಜೆ ಕುಣಿಗಲ್ಲಲ್ಲಿ ಪ್ರೋಗ್ರಾಂ ಐತಲ್ಲಪ್ಪ" ಎಂದೆ.

ಅಪ್ಪನಿಗೆ ಅದು ಮರೆತೇ ಹೋಗಿತ್ತು. ಪೆಚ್ಚಾಗಿ ಮೋಟರಿನ ಕಡೆ ನೋಡಿದರು. "ಬೇಕಾದ್ರೆ ಎತ್ಕಂಡೋಗವ್ವ. ನಾನೇನೂ ಅನ್ನಲ್ಲ" ಅಂದರು.

ಏನಾದರೂ ಅಂದಿದ್ದರೆ ಜಗಳವಾಡಬಹುದಿತ್ತು. ಎತ್ತಿಕೊಂಡು ಹೋದರೆ ಅದು ಆಟದ ಸಾಮಾನೆಂದು ನಾನೇ ಒಪ್ಪಿಕೊಂಡ ಹಾಗೆ, ಬಿಟ್ಟು ಹೋದರೆ ಮೊದಲ ಕಾರ್ಯಕ್ರಮಕ್ಕೆ ಬರಿಗೈ. ಅತ್ತ ದರಿ, ಇತ್ತ ಪುಲಿ. "ಇರ್ಲಿ ಬುಡಪ್ಪ" ಎಂದು ಕೇಬಲ್ ಒಂದನ್ನೇ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಹೊಟ್ಟೆ ಉರಿಯುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಬಸ್ಸಿನಿಂದಲೇ ಬೇಸ್‌ನವಳಿಗೆ ಫೋನ್ ಮಾಡಿದೆ. ಅವಳ ಮನೆ ತುಮಕೂರಿನಲ್ಲಿ, ಸ್ಟುಡಿಯೋ ಹತ್ತಿರ. ಅಲ್ಲಿಯೂ ಮಿಕ್ಸರು, ಮೈಕು, ಕೀಬೋರ್ಡು ಎಲ್ಲವೂ ಪೂಜೆಗೆ ಕೂತಿದ್ದವು. ಮೂಲೆಯ ಹಳೇ ಗಿಟಾರೊಂದು ಮಾತ್ರ ಪೂಜೆ ಮಾಡುವವರ ಕಣ್ಣಿಗೂ ಬೀಳದೆ ಉಳಿದಿತ್ತು. ಅದನ್ನೇ ಕೇಳಿ ತಂದಳು. ಭಕ್ತಿಗೀತೆಗಳಲ್ಲೇ ಬೆಳೆದ ಗಿಟಾರು. ಎಷ್ಟು ಒರಟಾಗಿ ಹೊಡೆದರೂ ಕೈಮುಗಿದುಕೊಂಡೇ ನುಡಿಯುತ್ತಿತ್ತು.

ಗ್ಯಾರೇಜಿನಲ್ಲಿ ಶುರು ಮಾಡುವ ಮೊದಲೇ ಡ್ರಮ್ಸ್ ಸ್ಟ್ಯಾಂಡಿನ ನಟ್ಟು ಸಡಿಲವಾಯಿತು. ಗೋಡೆಯ ತುಂಬಾ ಸ್ಪ್ಯಾನರುಗಳು, ಒಂದೊಂದಕ್ಕೂ ಕುಂಕುಮ, ಒಂದನ್ನೂ ಮುಟ್ಟುವಂತಿಲ್ಲ. ಅಷ್ಟೂ ಜನ ಮೆಕ್ಯಾನಿಕ್ಕುಗಳು ಸುತ್ತ ನಿಂತು ಬೆರಳಲ್ಲಿ ತಿರುಗಿಸಿ ಸೋತು, ಕೊನೆಗೆ ಬಾಳೆನಾರಿನಲ್ಲಿ ಬಿಗಿದು ಕಟ್ಟಿದರು. ಪೆಡಲ್ ಇಲ್ಲದೆ, ಗ್ಯಾರೇಜಿನವರು ಬಾಡಿಗೆಗೆ ತಂದ ಸ್ಪೀಕರಿನಲ್ಲಿ ನನ್ನ ಗೊಣಗಾಟ ಮಗು ಮಲಗಿಸುವ ಹಾಡಿನಂತೆ ಕೇಳಿತು. ಜನ ಚಪ್ಪಾಳೆ ತಟ್ಟಿದರು. ಸೋದರಮಾವ ಬಂದು "ಭಾಳ ಇಂಪಾಗಿತ್ತು ಕಣಮ್ಮ" ಅಂದರು. ಆ ಅವಮಾನವನ್ನು ಅರಗಿಸಿಕೊಳ್ಳಲು ನಾನು ಮತ್ತೊಮ್ಮೆ ಚಿತ್ರಾನ್ನ ಹಾಕಿಸಿಕೊಂಡೆ.

ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆಯೇ ಅಪ್ಪ ಪೂಜೆ ಇಳಿಸಿದರು. ಪೂಜೆಯಾದ ಮೇಲಿನ ಮೊದಲ ಹಿಟ್ಟು ಮನೆಗೆ ಒಳ್ಳೆಯದೆಂದು ಜನ ರಾಗಿ ಡಬ್ಬ ಹಿಡಿದು ಆಗಲೇ ಸಾಲು ನಿಂತಿದ್ದರು. ಅಪ್ಪ ಮೋಟರಿನ ಸ್ಟಾರ್ಟರ್ ಮೇಲೆ ಕೈಯಿಟ್ಟವರು ಹಿಂದಕ್ಕೆ ತೆಗೆದು ನನ್ನ ಕಡೆ ತಿರುಗಿದರು.

"ಮೊದ್ಲು ನಿಂದಾಗ್ಲಿ. ಆಮೇಲೆ ಮೋಟ್ರು ಹಾಕ್ತೀನಿ."

ನಾನು ಗಿಟಾರು ಹೆಗಲಿಗೇರಿಸಿ, ಕೇಬಲ್ ಸಿಕ್ಕಿಸಿ, ಪೆಡಲ್ ಮಣೆಯ ಮುಂದೆ ನಿಂತು ಒಂದು ತಂತಿ ಹೊಡೆದೆ. ಪೆಡಲಿನ ತಿರುಗಿಸುವ ಗುಂಡಿಗಳೊಳಗೆ ವಿಭೂತಿ ಇಳಿದಿತ್ತು. ಮಾಮೂಲಿ ತಗಡು ಗೀಚುವ ದನಿಗೆ ಕರಕರ ಸದ್ದೂ ಸೇರಿಕೊಂಡು ಗಿರಣಿ ತುಂಬ ಮೊಳಗಿತು. ಸಾಲಿನ ಮುಂದಿದ್ದ ಹೆಂಗಸೊಬ್ಬರು ಡಬ್ಬ ಕೆಳಗಿಟ್ಟು ಕಿವಿ ಮುಚ್ಚಿಕೊಂಡರು.

"ಏನಣ್ಣ, ಕೆಟ್ಟೋಗೈತಾ ಅದು?"

"ಇಲ್ಲ ಕಣವ್ವ, ಅದಿರೋದೇ ಹಂಗೆ" ಅಂದರು ಅಪ್ಪ. "ಒಸಿ ಇರು, ಮಗ್ಳು ಕೆಲ್ಸ ಮಾಡ್ತಾವ್ಳೆ."

ನನಗೆ ಅಳು ಬಂತು. ಅಪ್ಪನಿಗೆ ಕಾಣದಿರಲೆಂದು ಪೆಡಲಿನ ಮೇಲೆ ಬಗ್ಗಿ ಏನನ್ನೋ ತಿರುಗಿಸುವವಳಂತೆ ಮಾಡಿ, ರಾಗಿ ಡಬ್ಬದವರನ್ನು ಇನ್ನೊಂದಿಷ್ಟು ಹೊತ್ತು ಕಾಯಿಸಿದೆ.