ಆಯುಧಪೂಜೆಗೆ ಆರಿಸಿದ ಸರ್ವರ್

ಚಾಮರಾಜಪೇಟೆಯ ನಮ್ಮ ಡಿಟಿಪಿ ಅಂಗಡೀಲಿ ಒಂದು ಸರ್ವರ್ ಇತ್ತು. ನಾವು ಟೈಪ್ ಮಾಡಿದ್ದೆಲ್ಲ ಹೋಗಿ ಸೇರ್ತಿದ್ದದ್ದು ಅದರ ಹೊಟ್ಟೆಗೇ. ನಾನು ಕೆಲಸಕ್ಕೆ ಸೇರಿದಾಗಿಂದ ಅದನ್ನ ಯಾರೂ ಆರಿಸಿರಲಿಲ್ಲ. ಕರೆಂಟ್ ಹೋದ್ರೂ ಬ್ಯಾಟರಿ ಮೇಲೆ ಗೊರಗೊರ ಅಂತ ಓಡೋದು. 'ಇದರ ಡಿಸ್ಕ್ ಮುದಿಯಾಗಿದೆ ಮೇಡಂ, ಒಂದ್ಸಲ ನಿಂತ್ರೆ ಮತ್ತೆ ತಿರುಗತ್ತೆ ಅನ್ನೋ ಗ್ಯಾರಂಟಿ ಇಲ್ಲ' ಅಂತ ಸರ್ವಿಸ್ ಇಂಜಿನಿಯರ್ ಹೇಳಿದ್ದ.

ಒಳಗಿದ್ದ ಮದುವೆ ಕಾರ್ಡು, ಸಂಘದ ವರದಿ ಹೋದ್ರೆ ಹೋಗ್ಲಿ. ನನ್ನ ಜೀವ ಇದ್ದದ್ದು ಟೀಚರಮ್ಮನ ಪದಗಳ ಮೇಲೆ. ಎನ್.ಆರ್. ಕಾಲೋನಿಯ ರಿಟೈರ್ಡ್ ಟೀಚರ್ ಅವರು. ಹಳೇ ಬಡಾವಣೆಗಳ ಅಜ್ಜೀರ ಹತ್ರ ಕೂತು, ಅಡುಗೆಮನೆ ಮಾತು, ಬಾಣಂತನದ ಮಾತು, ಬೈಗುಳ ಎಲ್ಲಾನೂ ಚೀಟೀಲಿ ಬರ್ಕೊಂಡು ಪುಸ್ತಕ ಮಾಡ್ಬೇಕು ಅಂತ ನನ್ನ ಹತ್ರ ಟೈಪಿಗೆ ತರ್ತಿದ್ರು. 'ಬೇಗ ಬೇಗ ಹೊಡಿಯಮ್ಮ. ಆ ಅಜ್ಜೀರು ಒಬ್ಬೊಬ್ಬರೇ ಹೋಗ್ತಿದಾರೆ, ನನಗೂ ಮರೆವು ಹತ್ಕೊಂಡಿದೆ' ಅಂತ ನಗೋರು. ಟೈಪ್ ಆದ ಚೀಟಿಗಳನ್ನ ಮನೆಗೆ ಒಯ್ದು ಸ್ನಾನದ ಹಂಡೆ ಒಲೆಗೆ ಹಾಕ್ಬಿಡೋರು. ಅಕ್ಷರ ಇರೋ ಕಾಗದ ಯಾರ ಕಾಲಿಗೂ ಸಿಗಬಾರದು, ಅದು ಅವರ ನೇಮ. ಇಟ್ಕೊಳಿ ಟೀಚರ್ ಅಂತ ಎಷ್ಟೋ ಸಲ ಬಡ್ಕೊಂಡೆ. 'ನಿನ್ನ ಕಂಪ್ಯೂಟರ್‌ನಲ್ಲಿ ಇದೆಯಲ್ಲ!' ಅನ್ನೋರು.

ಕೊನೆಗೂ ನವರಾತ್ರಿ ಹೊತ್ತಿಗೆ ಹೊಸ ಸರ್ವರ್ ಬಂತು. ಆಪರೇಟಿಂಗ್ ಸಿಸ್ಟಮ್ಮು, ಕನ್ನಡ ಫಾಂಟು, ಫೈಲು ಎಲ್ಲ ಹಳೇದ್ರಿಂದ ಇದಕ್ಕೆ ಸಾಗಿಸಬೇಕು. ಇಂಜಿನಿಯರ್ ಅವತ್ತೇ ಕೂತ್ಕೋತೀನಿ ಅಂದ. ಓನರ್ ಬಿಡಬೇಕಲ್ಲ! 'ವಿಜಯದಶಮಿ ದಿನ ಶುರು ಮಾಡು ಗುರು, ಹೊಸ ಮಿಷನ್‌ಗೆ ಒಳ್ಳೇ ದಿನ ಬೇಡ್ವಾ?' ಅಂದ್ರು. ಕರ್ಮ.

ಅದರ ಹಿಂದಿನ ದಿನ ಆಯುಧಪೂಜೆ. ಎಲ್ಲ ಮಿಷನ್ನೂ ಆರಿಸಿ, ಕುಂಕುಮ ಇಟ್ಟು, ಹೂ ಮುಡಿಸಬೇಕು. ಪ್ರತಿ ವರ್ಷ ನಾನು ಸರ್ವರಿನ ಮಾನಿಟರ್ ಮಾತ್ರ ಆರಿಸ್ತಿದ್ದೆ. ಪರದೆ ಕಪ್ಪಗಿದ್ರೆ ಸಾಕು, ಓನರ್ ಭಕ್ತಿಯಿಂದ ಕೈ ಮುಗಿಯೋರು. ಆ ವರ್ಷ ನನ್ನನ್ನ ಹೂವು, ಬೂದುಗುಂಬಳಕಾಯಿ ತರೋಕ್ಕೆ ಕೆ.ಆರ್. ಮಾರ್ಕೆಟ್ಟಿಗೆ ಕಳಿಸಿದ್ರು. ಆ ನೂಕುನುಗ್ಗಲಲ್ಲಿ ಚೌಕಾಸಿ ಮಾಡಿ, ಕಾಯಿ ಹೊತ್ಕೊಂಡು ಬಂದು ಚಪ್ಪಲಿ ಬಿಡ್ತಾ ಇದ್ದೋಳು ಹಾಗೇ ಕಿವಿಗೊಟ್ಟೆ. ಆ ಗೊರಗೊರ ಇಲ್ಲ.

'ಆನ್ ಆಗೇ ಇತ್ತಲ್ಲಮ್ಮ, ನೀನು ಮರ್ತಿದ್ದೆ' ಅಂದ್ರು ಓನರ್. 'ಬ್ಯಾಟರಿಯಿಂದಾನೇ ಪ್ಲಗ್ ಕಿತ್ತಿಟ್ಟಿದೀನಿ. ವರ್ಷಕ್ಕೊಂದಿನ ಅದಕ್ಕೂ ರೆಸ್ಟ್ ಬೇಡ್ವಾ?'

ನಿನ್ನ ಮನೆ ಹಾಳಾಗ, ಅಂತ ಬಾಯಿಗೆ ಬಂದದ್ದನ್ನ ನುಂಗ್ಕೊಂಡೆ. ತಕ್ಷಣ ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗ್ತು, ಡಿಸ್ಕ್ ಟಿಕ್ ಟಿಕ್ ಅಂತು, ಅಷ್ಟೆ. ಮಾರನೇ ದಿನ ಇಂಜಿನಿಯರ್ ಬಂದು ತಟ್ಟಿದ, ಬಿಚ್ಚಿದ, ಎಲ್ಲೆಲ್ಲಿಗೋ ಒಯ್ದು ವಾಪಸ್ ತಂದ, ಒಂದು ಫೈಲೂ ಹೊರಗೆ ಬರಲಿಲ್ಲ. ನಾನು ಕಾಪಿ ಮಾಡಿಟ್ಟಿದ್ದ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು, ಒಂದೂ ತೆರೀಲಿಲ್ಲ. ಹೊಸ ಸರ್ವರಿಗೆ ಹೊಸದಾಗೇ ಎಲ್ಲ ಹಾಕಿದ್ರು. ಓನರ್ ಅದಕ್ಕೆ ಆರತಿ ಎತ್ತಿದ್ರು.

ಟೀಚರಮ್ಮನಿಗೆ ನಾನೇ ಹೇಳಿದೆ.

'ಎಲ್ಲಾನೂ?'

'ಎಲ್ಲಾನೂ ಟೀಚರ್.'

ಬೈದಿದ್ರೆ ಎಷ್ಟೋ ಚೆನ್ನಾಗಿರೋದು. ಕುರ್ಚಿ ಎಳ್ಕೊಂಡು ಕೂತು, 'ಸರಿ, ನೆನಪಿದ್ದಷ್ಟು ಹೇಳ್ತೀನಿ, ಹೊಡಿ' ಅಂದ್ರು. ಮೊದಲು ಹೇಳಿದ್ದು ಎಸರು. ಅಕ್ಕಿ ಹಾಕೋಕ್ಕೆ ಮುಂಚೆ ಕಾಯೋಕ್ಕಿಡೋ ನೀರು. ಆಮೇಲೆ ಗಿಂಡಿ, ಹರಿವಾಣ. ಇವೆಲ್ಲ ಯಾವ ನಿಘಂಟಿನಲ್ಲಾದ್ರೂ ಸಿಗತ್ತೆ. ಎಲ್ಲೂ ಸಿಗದೆ ಇದ್ದವೇ ಹೋಗಿದ್ವು. ಅವನ್ನೆಲ್ಲ ಟೈಪ್ ಮಾಡಿದ್ದ ನನಗಾದ್ರೂ ನೆನಪಿರಬೇಡವಾ? ದರಿದ್ರದ್ದು, ಒಂದೂ ಇಲ್ಲ. ಕಣ್ಣಿಂದ ಬೆರಳಿಗೆ ಹೋಗಿದ್ವು, ತಲೆಗೆ ಹತ್ತಿರಲೇ ಇಲ್ಲ.

ಅವರು ಬರೋದು ಬಿಡಲಿಲ್ಲ. ಪದಗಳು ಮಾತ್ರ ದಿನದಿನಕ್ಕೆ ಕಮ್ಮಿ ಆಗ್ತಾ ಬಂದ್ವು. ಒಂದು ಮಧ್ಯಾಹ್ನ ಬಂದೋರೇ, ಮುಖ ಅರಳಿಸ್ಕೊಂಡು, 'ಅಮ್ಮಾ, ಒಂದು ಪದ ಸಿಕ್ಬಿಡ್ತು ಕಣೇ, ಮರ್ತುಹೋಗೋಕ್ಕೆ ಮುಂಚೆ ಬೇಗ ಹೊಡಿ' ಅಂದ್ರು.

'ಹೇಳಿ ಟೀಚರ್.'

'ಎಸರು.'

ನಾನು ಟೈಪ್ ಮಾಡಿದೆ.