ಪಿಂಟು ಅವರು ಒಳಗೆ ಬನ್ನಿ

ಬಸವನಗುಡಿಯ ಒಂದು ನಾಯಿ ಆಸ್ಪತ್ರೆಗೆ ಸರದಿ ಕೂಗುವ ಯಂತ್ರ ಕೂರಿಸೋಕೆ ಹೋಗಿದ್ದೆ. ಮನುಷ್ಯರ ಕ್ಲಿನಿಕ್ಕಿಗೆ ಅಂತ ಮಾಡಿದ ಯಂತ್ರ ಅದು, ಯಾರನ್ನೇ ಆಗಲಿ ಬಹುವಚನದಲ್ಲೇ ಕರೆಯೋದು. ಮೊದಲ ಕೂಗೇ "ಪಿಂಟು ಅವರು ಒಳಗೆ ಬನ್ನಿ" ಅಂತ ಬಂತು. ಕಾಯುತ್ತಿದ್ದವರು ಕಿಸಕ್ಕನೆ ನಕ್ಕರು. ನಾನು ಮುಜುಗರದಿಂದ "ಪಿಂಟು, ಒಳಗೆ ಬಾ" ಅಂತ ಬದಲಾಯಿಸಿ ಮತ್ತೆ ಕೂಗಿಸಿದೆ.

ನಾಯಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ ರಿಟೈರ್ಡ್ ಮೇಷ್ಟ್ರು ಕೆಂಡವಾದರು.

"ಏನ್ರೀ, ಮನೇಲಿ ನಾವೇ ಇವರನ್ನ ಬನ್ನಿ, ಹೋಗಿ ಅಂತೀವಿ. ನಿಮ್ಮ ಡಬ್ಬಾ ಯಾರ್ರೀ ಬಾ ಅನ್ನೋಕೆ?"

ತೆಪ್ಪಗೆ ಹಳೆಯದನ್ನೇ ಹಾಕಿದೆ. ಪಿಂಟು ಅವರು ಮಡಿಲಿಂದ ಇಳಿದರು, ಗತ್ತಿನಿಂದ ನಡೆದು ಬಂದರು, ಕಾಲೆತ್ತಿ ನನ್ನ ಬೂಟಿನ ಮೇಲೆ ಉಚ್ಚೆ ಹೊಯ್ದರು.

"ಅವರು ಬರ್ತಿರೋದು ಕಾಣ್ಸಲ್ವೇನೋ? ಪಕ್ಕಕ್ಕೆ ನಿಲ್ಲೋ!" ಅಂದರು ಮೇಷ್ಟ್ರು.

ಅಷ್ಟು ನಾಯಿಗಳಿದ್ದ ಆ ಕೋಣೆಯಲ್ಲಿ ಏಕವಚನ ಸಿಕ್ಕಿದ್ದು ನನಗೊಬ್ಬನಿಗೇ.